ಪುರದವರು ಕೇಳಿದುದು

ಒಂದು ಊರಿಗೆ ಬೇಕಾದುದೇನೆಂಬುದನ್ನು ಅಳೆದು, ತೂಗಿ ತಿಳಿಯಬಹುದೆ? ತಿಳಿಯಬಹುದೆಂದು ನಂಬಿ ಹೊರಟವರ ಕತೆಯೊಂದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರವೆಂಬ ಪುಟ್ಟ ಹಳ್ಳಿಯಲ್ಲಿ ನಡೆದಿದೆ. ಬಳಸುವವರ ಬದುಕನ್ನು ಅರಿತು ಅದಕ್ಕೊಪ್ಪುವ ಸಾಧನವನ್ನೂ ಸೌಕರ್ಯವನ್ನೂ ರೂಪಿಸುವ ವಿದ್ಯೆಗೆ ಈಗ ವಿನ್ಯಾಸ ಸಂಶೋಧನೆಯೆಂಬ ದೊಡ್ಡ ಹೆಸರುಂಟು. ಆ ಹೆಸರು ಎಲ್ಲರ ನಾಲಗೆಗೆ ಬರುವ ಮೊದಲೇ ಪುರದಲ್ಲಿ ಅದರ ಪಾಠ ನಡೆದುಹೋಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಉಪಯೋಗಕ್ಕೆ ತರುವುದು ಅದರ ಗುರಿ. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ಪ್ರಯೋಗಶಾಲೆಯಿಂದ ಹೊರಬಂದು ಸೌದೆಯ ಹೊರೆಯನ್ನು ತೂಗಲು ನಿಂತರು. ಉಂಗ್ರ ಗ್ರಾಮದಲ್ಲಿ ಕೇಂದ್ರವನ್ನು ತೆರೆದು, ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಲೆಕ್ಕ ಬರೆದರು. 1977ರಲ್ಲಿ ಪುರದಲ್ಲಿ ಇದ್ದುದು 56 ಮನೆ, 357 ಜನ. ಒಂದೊಂದು ಮನೆಯೂ ದಿನಕ್ಕೆ ಸುಮಾರು 10 ಕಿಲೋ ಸೌದೆಗಾಗಿ ಎರಡೂವರೆ ಗಂಟೆ ಕಾಲವನ್ನೂ 5 ಕಿಲೋಮೀಟರಿನಷ್ಟು ನಡಿಗೆಯನ್ನೂ ವ್ಯಯಿಸುತ್ತಿತ್ತು. ಊರಿನ ದುಡಿಮೆಯಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಹೆಂಗಸರದು. ಆದರೆ ಉರಿಸಿದ ಸೌದೆಯಲ್ಲಿ ಹಣ ತೆತ್ತು ಕೊಂಡುದು ನೂರಕ್ಕೆ 4 ಪಾಲು ಮಾತ್ರ. ವಾಚಕರು ಈ ಕೊನೆಯ ಅಂಕಿಯನ್ನು ಮರೆಯಬಾರದು.

ಲೆಕ್ಕದಿಂದ ತೀರ್ಮಾನ ಸುಲಭವಾಗಿಯೇ ಹೊರಟಿತು. ಒಲೆಯೇ ದೊಡ್ಡ ಹೊರೆ. ಆದುದರಿಂದ ಸಗಣಿಯಿಂದ ಅನಿಲವನ್ನು ತೆಗೆದು ಅಡುಗೆಗೆ ಒದಗಿಸಬೇಕು. ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರವೂ ಎದ್ದಿತು. ಆದರೆ ಊರಿನ ದನಗಳ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೂ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಅನಿಲ ತೀರಿದೊಡನೆ ಮತ್ತೆ ಸೌದೆಯೇ ಗತಿ. ಜನರ ಉತ್ಸಾಹ ಇಳಿಯಿತು, ಯೋಜನೆ ಸೋತಿತು.

ಇಂಥ ಸಂದರ್ಭದಲ್ಲಿ ಹಳ್ಳಿಗರ ಅಜ್ಞಾನವನ್ನು ದೂರುವ ವರದಿಯೊಂದು ಅಚ್ಚಾಗುವುದು ವಾಡಿಕೆ. ಅಸ್ತ್ರದವರು ಹಾಗೆ ಮಾಡದೆ ಮತ್ತೆ ಊರಿನವರೊಡನೆ ಮಾತಿಗೆ ಕುಳಿತರು. ಸೌದೆ ಹೇಗೋ ಪುಕ್ಕಟೆಯಾಗಿ ಸಿಗುತ್ತದೆ, ತಮಗೆ ಬೇಕಾದುದು ಕುಡಿಯುವ ನೀರು ಎಂಬುದು ಊರಿನ ಉತ್ತರ. ಆ ನೂರಕ್ಕೆ 4ರ ಅಂಕಿ ಈ ಉತ್ತರವನ್ನು ಮೊದಲೇ ಪಿಸುಗುಟ್ಟಿತ್ತಲ್ಲವೆ! ತಕ್ಕಡಿಯು ಶ್ರಮವನ್ನು ತೂಗಿತ್ತು. ಆ ಶ್ರಮಕ್ಕೆ ಊರು ಕಟ್ಟಿದ ಬೆಲೆಯನ್ನು ತೂಗಿರಲಿಲ್ಲ. ಆದರೂ ‘ಪುಕ್ಕಟೆ’ ಎಂಬ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಸೌದೆಗಾಗಿ ಅಲೆಯುವ ಹೆಂಗಸರ, ಮಕ್ಕಳ ಎರಡೂವರೆ ಗಂಟೆಗೆ ಆ ಮಾತಿನಲ್ಲಿ ಕಾಸಿನ ಬೆಲೆಯೂ ಇಲ್ಲ. ನೀರು ಹೊರುವವರೂ ಬಹುಮಟ್ಟಿಗೆ ಹೆಂಗಸರೇ ಆದುದರಿಂದ ಊರಿನ ಆಯ್ಕೆ ಅವರಿಗೂ ಹಿತವಾಯಿತೆನ್ನಬೇಕು.

1987ರ ಸೆಪ್ಟೆಂಬರಿನಿಂದ ಅದೇ ಅನಿಲವು ಒಲೆಯನ್ನು ಬಿಟ್ಟು ಯಂತ್ರವನ್ನು ಹೊಕ್ಕಿತು. ಸ್ವಲ್ಪ ಡೀಸೆಲ್ಲಿನೊಡನೆ ಉರಿದು 5 ಕಿಲೋವ್ಯಾಟಿನ ವಿದ್ಯುದ್ಯಂತ್ರವನ್ನು ತಿರುಗಿಸಿತು. ಕೊಳವೆಬಾವಿಯ ನೀರು ಮೇಲೆದ್ದು ನಲ್ಲಿಗಳಿಗೆ ಬಂದಿತು, ಮನೆಗಳಲ್ಲಿ ದೀಪ ಹತ್ತಿತು. ಅಡುಗೆಗೆ ಸಾಲದ ಅನಿಲ ಇದಕ್ಕೆ ಧಾರಾಳವಾಗಿ ಸಾಕಾಯಿತು. ತಂದ ಸಗಣಿಯನ್ನು ತೂಗಿ ಕಿಲೋವಿಗೆ 2 ಪೈಸೆ ಕೊಡುತ್ತಿದ್ದರು; ಅನಿಲ ತೆಗೆದುಳಿದ ಬಗ್ಗಡವು ಗೊಬ್ಬರವಾಗಿ ತಂದವರ ಹೊಲಕ್ಕೇ ಮರಳುತ್ತಿತ್ತು. ಯಂತ್ರ ನಡೆಸುವವರು ಊರಿನ ಹುಡುಗರೇ. ಸಗಣಿ ಬಾರದಿದ್ದರೆ ತನ್ನ ಮನೆಯ ನಲ್ಲಿಯೂ ನಿಲ್ಲುತ್ತದೆಂಬುದು ಪ್ರತಿಯೊಬ್ಬನಿಗೂ ಗೊತ್ತಿದ್ದುದರಿಂದ, ನೆರೆಯವನು ಸೋಮಾರಿಯಾದರೆ ಕೇಳುವವರಿದ್ದರು. ಸರ್ಕಾರಿ ತನಿಖಾಧಿಕಾರಿಗೆ ಇಷ್ಟು ಕಟ್ಟುನಿಟ್ಟು ಸಾಧ್ಯವಾಗುತ್ತಿತ್ತೆ ಎಂಬುದು ಸಂದೇಹ.

ಅಡುಗೆಮನೆಯ ಹೊಗೆ ಮಾತ್ರ ಇದರಿಂದ ಕರಗಲಿಲ್ಲ. ಅದಕ್ಕೆ ಅಸ್ತ್ರದವರು ಬೇರೆಯೇ ದಾರಿ ಹಿಡಿದರು: ಏಕಕಾಲಕ್ಕೆ ಮೂರು ಪಾತ್ರೆಗಳನ್ನಿಡಬಹುದಾದ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ‘ಅಸ್ತ್ರ ಒಲೆ’. ಅದು ಪುರವನ್ನು ದಾಟಿ ರಾಜ್ಯದ ಇತರ ಹಳ್ಳಿಗಳ ಅಡುಗೆಮನೆಗಳನ್ನೂ ಸೇರಿತು.