ಗುಂಯ್‌ಗುಡುವ ಪೆಟ್ಟಿಗೆ

ಮನೆಯ ಹಿರಿಯ ಮಗನು ಬೇಸ್ ಗಿಟಾರೊಂದನ್ನೂ ಅದಕ್ಕೆ ಜೊತೆಯಾಗಿ ಹಳೆಯದೊಂದು ವಾಲ್ವ್ ಆಂಪ್ಲಿಫೈಯರನ್ನೂ ಕೊಂಡುತಂದಿದ್ದಾನೆ ಎನ್ನಿ. ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ, ಹುಡುಗನು ತಂತಿಯನ್ನು ಮೀಟುವ ಮೊದಲೇ, ಪೆಟ್ಟಿಗೆಯೊಳಗಿನಿಂದ 'ಗುಂಯ್' ಎಂಬ ನಾದವು ಹೊರಡುತ್ತದೆ. ಕರೆಯದೆ ಬಂದು ಕುಳಿತ ತಂಬೂರಿಯಂತೆ ಅದು ಒಂದೇ ಶ್ರುತಿಯನ್ನು ಹಿಡಿದು ಬಿಡುವುದೇ ಇಲ್ಲ. ಪಕ್ಕದ ಕೋಣೆಯ ಅಜ್ಜಿಗೆ ಮಧ್ಯಾಹ್ನದ ನಿದ್ರೆ ಹಾರಿಹೋಗುತ್ತದೆ. ತಂದೆಗೆ ಕೊಟ್ಟ ಹಣ ದಂಡವಾಯಿತೇ ಎಂಬ ಚಿಂತೆ. ಆಗ ಬಲ್ಲವನೆನಿಸಿಕೊಂಡ ಗೆಳೆಯನೊಬ್ಬನು ಬಂದು, "ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತುಬಿಡು, ಸದ್ದು ತಾನಾಗಿ ನಿಲ್ಲುತ್ತದೆ" ಎನ್ನುತ್ತಾನೆ. ಕೆಲವೊಮ್ಮೆ ನಿಲ್ಲುವುದೂ ಉಂಟು. ಅಪಾಯವಿರುವುದು ಅಲ್ಲಿಯೇ.

ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಹಿಂದುಮುಂದಾಗಿ ಹರಿಯುತ್ತದೆ, ಅಮೆರಿಕದಲ್ಲಿ 60. ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿಯನ್ನು ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಪಕ್ಕದ ತಂತಿ 55 ಸಲ. ನಮ್ಮ ದೇಶದ ಕರೆಂಟಿನ ಸ್ವರವು ಈ ಎರಡರ ನಡುವೆಯೇ ಬಂದು ಕೂರುತ್ತದೆ. ಚಿಕ್ಕ ರೇಡಿಯೊದ ಸ್ಪೀಕರಿಗೆ ಇಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯಿಲ್ಲವಾದ್ದರಿಂದ ಅದರ ದೋಷವು ಮುಚ್ಚಿಹೋಗುತ್ತದೆ. ಬೇಸ್ ಪೆಟ್ಟಿಗೆಯನ್ನು ಕಟ್ಟಿರುವುದೇ ಇಂತಹ ಸ್ವರಗಳಿಗಾಗಿ. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದು, 1952ರಲ್ಲಿ ಅದಕ್ಕೆಂದೇ ಬೇಸ್‌ಮನ್ ಎಂಬ ಆಂಪ್ಲಿಫೈಯರನ್ನು ಹೊರತಂದರು. ಒಳ್ಳೆಯ ಸ್ವರವನ್ನು ಎತ್ತಿ ಹಿಡಿಯುವ ಪೆಟ್ಟಿಗೆಯು ಕೆಟ್ಟ ಸ್ವರವನ್ನೂ ಅಷ್ಟೇ ನಿಷ್ಠೆಯಿಂದ ಎತ್ತಿ ಹಿಡಿಯುತ್ತದೆ.

ಮೂಲವನ್ನು ಹುಡುಕಲು ಉಪಕರಣಗಳು ಬೇಡ, ಕಿವಿಯೊಂದಿದ್ದರೆ ಸಾಕು. ವಾಲ್ಯೂಮನ್ನು ತಗ್ಗಿಸಿ, ಗಿಟಾರಿನ ಕೇಬಲನ್ನು ಪೆಟ್ಟಿಗೆಯಿಂದ ಕಳಚಿ, ಮತ್ತೆ ವಾಲ್ಯೂಮನ್ನು ಮೊದಲಿನಷ್ಟೇ ಏರಿಸಬೇಕು. ಸದ್ದು ಮಾಯವಾದರೆ ಪೆಟ್ಟಿಗೆಯು ಬಹುಮಟ್ಟಿಗೆ ನಿರಪರಾಧಿ. ತಪ್ಪು ಕೇಬಲಿನದು ಅಥವಾ ಗಿಟಾರಿನದು. ಬೇರೊಂದು ಕೇಬಲನ್ನು ಹಾಕಿ ನೋಡಿದರೆ ಅರ್ಧ ಸಂದೇಹವು ಪರಿಹಾರವಾಗುತ್ತದೆ. ಎಷ್ಟೋ ಜನರು ಪೆಟ್ಟಿಗೆಯನ್ನು ಹೊತ್ತು ರಿಪೇರಿ ಅಂಗಡಿಗೆ ಹೋಗಿ, ಕೊನೆಗೆ ಹೊಸ ಕೇಬಲೊಂದನ್ನು ಕೊಂಡು ನಾಚುತ್ತ ಹಿಂದಿರುಗುವುದುಂಟು.

ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ಪು ಎಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿ. ಅದು ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವಂತೆಯೇ ಗೋಡೆಯೊಳಗಿನ ವೈರಿನ, ಟ್ರಾನ್ಸ್‌ಫಾರ್ಮರಿನ ಕಾಂತಶಕ್ತಿಯನ್ನೂ ಹಿಡಿಯುತ್ತದೆ. ಒಂದೇ ಸುರುಳಿಯ ಪಿಕಪ್ಪಾದರೆ ವಾದಕನು ನಿಂತಲ್ಲಿಯೇ ಮೈ ತಿರುಗಿಸಿದಾಗ ಸದ್ದು ಏರುತ್ತ ಇಳಿಯುತ್ತ ಹೋಗುವುದನ್ನು ಕೇಳಬಹುದು. ಎರಡು ಸುರುಳಿಗಳನ್ನು ಎದುರುಬದುರಾಗಿ ಸುತ್ತಿ ಒಂದರ ಗುಂಯ್ಕಾರವನ್ನು ಇನ್ನೊಂದರಿಂದ ಅಳಿಸುವ ಉಪಾಯವಿದೆ. ಪ್ರಿಸಿಷನ್ ಬೇಸಿಗೂ 1957ರಲ್ಲಿ ಇಂತಹ ಇಬ್ಭಾಗದ ಪಿಕಪ್ಪು ಬಂದಿತು. ಸದ್ದು ಗುಂಯ್‌ಗುಡುವುದರ ಬದಲು 'ಜೀಂಯ್' ಎಂದು ಕರ್ಕಶವಾಗಿದ್ದರೆ ಕೋಣೆಯ ಡಿಮ್ಮರನ್ನೂ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರನ್ನೂ ಮೊಬೈಲ್ ಚಾರ್ಜರನ್ನೂ ಒಂದೊಂದಾಗಿ ಆರಿಸಿ ನೋಡಬೇಕು. ತಿರುಪನ್ನು ತಿರುಗಿಸುವಾಗ ಮಾತ್ರ ಚರಚರ ಎಂದರೆ ಅದು ಸಾಮಾನ್ಯವಾಗಿ ಒಳಗಿನ ಧೂಳು.

ಕೇಬಲನ್ನು ಕಳಚಿ, ವಾಲ್ಯೂಮನ್ನು ಸೊನ್ನೆಗಿಳಿಸಿದರೂ ಗುಂಯ್ಕಾರವು ಹಾಗೆಯೇ ಉಳಿದರೆ ರೋಗವು ಹೊಟ್ಟೆಯೊಳಗಿದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೆ ಅದರ ಏರಿಳಿತವನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರುಗಳು ವರ್ಷ ಕಳೆದಂತೆ ಒಣಗುತ್ತವೆ. ಆಗ 100 ಆವರ್ತಗಳ ಸದ್ದು ಏಳುತ್ತದೆ. ಅವುಗಳನ್ನು ಬದಲಿಸುವುದು ಬಲ್ಲ ಮೆಕ್ಯಾನಿಕ್ಕನ ಕೆಲಸ, ಮನೆಯವರದಲ್ಲ. ಇಂತಹ ವಾಲ್ವ್ ಪೆಟ್ಟಿಗೆಗಳಲ್ಲಿ 400 ವೋಲ್ಟಿಗೂ ಮೀರಿದ ಒತ್ತಡವಿರುವುದುಂಟು, ಪ್ಲಗ್ಗನ್ನು ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಅಡಗಿ ಕುಳಿತಿರಬಲ್ಲದು.

ಇನ್ನು ಆ ಗೆಳೆಯನ ಸಲಹೆ. ಆಂಪ್ಲಿಫೈಯರನ್ನೂ ಮಿಕ್ಸರನ್ನೂ ಬೇರೆ ಬೇರೆ ಗೋಡೆಗಳ ಪ್ಲಗ್ಗಿಗೆ ಸಿಕ್ಕಿಸಿ ನಡುವೆ ಕೇಬಲನ್ನು ಎಳೆದರೆ, ಅರ್ತ್ ತಂತಿಯು ಎರಡು ದಾರಿಗಳಲ್ಲಿ ಸುತ್ತಿ ಬಳೆಯಂತಾಗಿ, ಅದರಲ್ಲಿ ಕರೆಂಟು ಹರಿದು ಗುಂಯ್‌ಗುಡುತ್ತದೆ. ಅರ್ತ್ ಪಿನ್ನನ್ನು ಕಿತ್ತರೆ ಬಳೆಯು ತುಂಡಾಗಿ ಮೌನವು ಬರುತ್ತದೆ, ನಿಜ. ಆದರೆ ಗಿಟಾರಿನ ತಂತಿಗಳು ಕೇಬಲಿನ ಹೊರಹೆಣಿಗೆಯ ಮೂಲಕ ಪೆಟ್ಟಿಗೆಯ ಲೋಹದ ಚಾಸಿಗೆ ಸೇರಿಕೊಂಡಿವೆ. ಒಳಗೆ ಎಂದಾದರೊಂದು ದಿನ ಲೈವ್ ತಂತಿಯು ಚಾಸಿಗೆ ತಗುಲಿದರೆ, ಅರ್ತ್ ಇದ್ದಾಗ ಫ್ಯೂಸು ಹಾರುತ್ತದೆ. ಇಲ್ಲದಿದ್ದಾಗ 230 ವೋಲ್ಟುಗಳು ಹುಡುಗನ ಬೆರಳ ಕೆಳಗೆ ಕಾದು ನಿಲ್ಲುತ್ತವೆ. ಅವನು ಇನ್ನೊಂದು ಕೈಯಿಂದ ಮೈಕನ್ನು ಹಿಡಿದ ಕ್ಷಣವೇ ಅದು ಎದೆಯ ಮೂಲಕ ಹಾಯುತ್ತದೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಕಾಟ್‌ಲೆಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವೆ, ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಕುಸಿದುಬಿದ್ದು ಅಸುನೀಗಿದರು. ಆಗ ಅವರಿಗೆ 27 ವರ್ಷ.

ಎರಡೂ ಯಂತ್ರಗಳನ್ನು ಒಂದೇ ಪ್ಲಗ್ ಬೋರ್ಡಿಗೆ ಸಿಕ್ಕಿಸಿದರೆ ಈ ಗುಂಯ್ಕಾರವು ಅನೇಕ ವೇಳೆ ಅಡಗುತ್ತದೆ. ಅಡಗದಿದ್ದರೆ ಡಿ.ಐ. ಬಾಕ್ಸ್ ಎಂಬ ಅಂಗೈಯಗಲದ ಡಬ್ಬಿಯನ್ನು ನಡುವೆ ಇಟ್ಟು, ಅದರ ಸ್ವಿಚ್ಚಿನಿಂದ ಸಿಗ್ನಲ್ ಕೇಬಲಿನ ಅರ್ತನ್ನು ಮಾತ್ರ ಬಿಡಿಸಬಹುದು; ಪ್ಲಗ್ಗಿನ ಪಿನ್ನು ಇದ್ದಲ್ಲಿಯೇ ಇರುತ್ತದೆ. ಅಮೆರಿಕದಿಂದ ಬಂದ ಎರಡು ಪಿನ್ನಿನ ಹಳೆಯ ಪೆಟ್ಟಿಗೆಯಾದರೆ ಮೂರು ಪಿನ್ನಿನದನ್ನು ಹಾಕಿಸದೆ ನುಡಿಸಲೇಬಾರದು. ಮನೆಯ ಅರ್ತ್ ಗುಂಡಿಯು ಬೇಸಗೆಯಲ್ಲಿ ಒಣಗಿಹೋಗಿದ್ದರೆ ಮೂರನೆಯ ಪಿನ್ನು ಇದ್ದೂ ಇಲ್ಲದಂತೆಯೇ ಸರಿ. ಎಲೆಕ್ಟ್ರಿಷಿಯನ್ನನನ್ನು ಕರೆಸಿ ಅದನ್ನೂ ನೋಡಿಸುವುದು ಲೇಸು.

ಇಷ್ಟೆಲ್ಲ ಆದ ಮೇಲೂ ಸ್ಪೀಕರಿಗೆ ಕಿವಿಯಿಟ್ಟರೆ ದೂರದ ಮಳೆಯಂತೆ 'ಸ್ಸ್' ಎಂಬ ಸಣ್ಣ ಸದ್ದು ಕೇಳಿಸೀತು. ಅದರಲ್ಲಿ ಒಂದು ಪಾಲು, ಒಳಗಿನ ರೆಸಿಸ್ಟರುಗಳಲ್ಲಿ ಶಾಖದಿಂದ ಅಲೆದಾಡುವ ಎಲೆಕ್ಟ್ರಾನುಗಳದು. ಬೆಲ್ ಪ್ರಯೋಗಾಲಯದ ಜಾನ್ಸನ್ 1928ರಲ್ಲಿ ಅದನ್ನು ಅಳೆದು ಪ್ರಕಟಿಸಿದರು. ಅದಕ್ಕೆ ಯಾವ ಅಂಗಡಿಯಲ್ಲಿಯೂ ರಿಪೇರಿಯಿಲ್ಲ. ಹುಡುಗನು ನುಡಿಸತೊಡಗಿದರೆ ಅದು ಅಜ್ಜಿಗೆ ಕೇಳಿಸುವುದೂ ಇಲ್ಲ.