ಕಲ್ನಾರು ಶೀಟು ಕೆಡವುವವರ ಜೀವಕ್ಕೆ ಲೆಕ್ಕವಿಲ್ಲದ ಆಡಳಿತ: ಸಂಘದ ಖಂಡನಾ ಹೇಳಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗೌಂಡಿಗಳು, ಬಿಗಾರಿಗಳು, ಹಮಾಲರು, ಬೇಳೆ ಮಿಲ್ಲು ಮತ್ತು ಜಿನ್ನಿಂಗ್ ಮಿಲ್ಲುಗಳ ಕೆಲಸಗಾರರು ಸೇರಿ ಕಟ್ಟಿಕೊಂಡ ಸಂಘ ನಮ್ಮದು. ಕೆಲಸದ ಸ್ಥಳಗಳಲ್ಲಿ ಹಳೆಯ ಕಲ್ನಾರು ಶೀಟು, ಅಂದರೆ ಆಸ್‌ಬೆಸ್ಟಾಸ್ ಬೆರೆತ ಸಿಮೆಂಟ್ ಶೀಟು ಬಿಚ್ಚಿ ಕೆಡವುವ ಕೆಲಸವನ್ನು ಯಾವ ಸುರಕ್ಷತಾ ಕ್ರಮವೂ ಇಲ್ಲದೆ ನಡೆಯಲು ಬಿಟ್ಟಿರುವ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡೆಯನ್ನು ಈ ಹೇಳಿಕೆಯ ಮೂಲಕ ನಾವು ತೀವ್ರವಾಗಿ ಖಂಡಿಸುತ್ತೇವೆ. ಕಲ್ನಾರು ಅಪಾಯಕಾರಿ ಎಂಬುದು ಸರ್ಕಾರಕ್ಕೆ ಹೊಸ ಸುದ್ದಿಯಲ್ಲ. ಅದರದೇ ಕಾನೂನು, ಅದರದೇ ಮಾನಕ, ಸುಪ್ರೀಂ ಕೋರ್ಟಿನ ತೀರ್ಪು ಎಲ್ಲವೂ ಅದನ್ನು ಹೇಳಿವೆ. ಆದರೆ ಅವುಗಳ ದೃಷ್ಟಿ ಶೀಟು ತಯಾರಾಗುವ ಕಾರ್ಖಾನೆಯ ಗೇಟಿನ ಒಳಗೇ ನಿಂತಿದೆ. ಮೂವತ್ತು ನಲವತ್ತು ವರ್ಷ ಬಿಸಿಲು ಮಳೆ ಉಂಡ ಅದೇ ಶೀಟನ್ನು ಮಾಡಿನ ಮೇಲೇರಿ ಒಡೆಯುವವನು ಯಾರ ರಿಜಿಸ್ಟರಿನಲ್ಲೂ ಇಲ್ಲ.

ನಮ್ಮ ಭಾಗದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅಧಿಕಾರಿಗಳು ಒಮ್ಮೆಯಾದರೂ ನಿಂತು ನೋಡಲಿ. ಗೋದಾಮು, ಮಿಲ್ಲಿನ ಶೆಡ್ಡು, ಶಾಲೆಯ ಅಡುಗೆ ಕೋಣೆ, ಹಳೆಯ ಕಚೇರಿಯ ಪಡಸಾಲೆ, ಯಾವುದಾದರೂ ಆಗಬಹುದು. ಗುತ್ತೇದಾರ ನಾಲ್ಕೈದು ಮಂದಿಯನ್ನು ದಿನಗೂಲಿಗೆ ಕರೆತರುತ್ತಾನೆ. ಹುಕ್ ಬೋಲ್ಟು ತುಕ್ಕು ಹಿಡಿದು ನಟ್ಟು ತಿರುಗುವುದಿಲ್ಲ. ಆಗ ಸುತ್ತಿಗೆಯಿಂದ ಶೀಟನ್ನೇ ಒಡೆದು ಬೋಲ್ಟು ಬಿಡಿಸುತ್ತಾರೆ. ತುಂಡುಗಳು ಮೇಲಿನಿಂದ ನೆಲಕ್ಕೆ ಬೀಳುತ್ತವೆ. ಕೆಳಗೆ ಹೆಣ್ಣುಮಕ್ಕಳು ಅವನ್ನು ಬುಟ್ಟಿಯಲ್ಲಿ ತುಂಬಿ ಹೊರುತ್ತಾರೆ, ಉಳಿದ ಪುಡಿಯನ್ನು ಒಣ ಕಸಬರಿಗೆಯಿಂದ ಗುಡಿಸುತ್ತಾರೆ. ಮೂಗಿಗೆ ಟವೆಲ್ಲು, ಸೆರಗು, ಅಷ್ಟೇ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳುತ್ತಾರೆ, ಮರುದಿನ ಆ ಬಟ್ಟೆ ಮಕ್ಕಳ ಬಟ್ಟೆಯ ಜೊತೆಗೇ ಒಗೆತಕ್ಕೆ ಬೀಳುತ್ತದೆ. ಒಡೆದ ತುಂಡುಗಳು ಹೊಸ ನೆಲದ ಭರ್ತಿಗೆ, ಕೋಳಿಗೂಡಿಗೆ, ಬಚ್ಚಲ ಮರೆಗೆ, ಹೊಲದ ದಾರಿಯ ತಗ್ಗಿಗೆ ಸೇರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಬಿದ್ದ ಮಾಡನ್ನು ತೆರವು ಮಾಡುವ ಧಾವಂತದಲ್ಲಂತೂ ಇದನ್ನು ಕೇಳುವವರೇ ಇರುವುದಿಲ್ಲ.

ಈ ದೂಳು ಬರಿಯ ಸಿಮೆಂಟ್ ದೂಳಲ್ಲ. ಅದರೊಳಗಿನ ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಒಮ್ಮೆ ಶ್ವಾಸಕೋಶದ ಆಳಕ್ಕೆ ಇಳಿದರೆ ದೇಹ ಅವನ್ನು ಕರಗಿಸಲಾರದು. ಆಸ್‌ಬೆಸ್ಟೋಸಿಸ್ ಎಂಬ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್, ಅದರ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಇದರಿಂದ ಬರುತ್ತವೆ. ಭಾರತದಲ್ಲಿ ಶೀಟಿಗೆ ಬಳಸುವ ಬಿಳಿ ಕಲ್ನಾರು ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಮನುಷ್ಯರಿಗೆ ಕ್ಯಾನ್ಸರ್ ತರುವಂಥವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ವರ್ಗದಲ್ಲೇ ಇಟ್ಟಿದೆ. ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಸಾವು ಇದರಿಂದ ಆಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗ ತಲೆ ಎತ್ತಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ನಮ್ಮ ಕೂಲಿಕಾರ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಎಂದು ಗುಳೆ ಹೋಗಿ ಹತ್ತಾರು ಕಡೆ ದುಡಿದಿರುತ್ತಾನೆ. ಕೊನೆಗೆ ಕೆಮ್ಮು, ಏದುಸಿರಿನೊಂದಿಗೆ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಪರಿಶಿಷ್ಟದಲ್ಲಿ ಆಸ್‌ಬೆಸ್ಟೋಸಿಸ್ ಕೂಡ ಇದೆ, ಕಲ್ನಾರಿನಿಂದ ಬರುವ ಕ್ಯಾನ್ಸರೂ ಇದೆ. ಆದರೆ ಕಲ್ನಾರು ಮುಟ್ಟಿದ್ದಕ್ಕೆ ಪುರಾವೆಯೇ ಇಲ್ಲದವನು ಯಾರಿಂದ ಪರಿಹಾರ ಕೇಳಬೇಕು?

ಪುರಾವೆ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿ ಮೂವತ್ತು ವರ್ಷ ದಾಟಿತು. ಗ್ರಾಹಕರ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ 1995ರ ಜನವರಿ 27ರಂದು ಬಂದ ತೀರ್ಪು, ಕೆಲಸಗಾರನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸಾರಿತು. ಕಲ್ನಾರು ಉದ್ಯಮದ ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ರೋಗ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2011ರ ಜನವರಿ 21ರ ಇನ್ನೊಂದು ತೀರ್ಪಿನಲ್ಲಿ ಕೋರ್ಟು ಕಲ್ನಾರನ್ನು ನಿಷೇಧಿಸಲು ಒಪ್ಪದಿದ್ದರೂ ಈ ನಿರ್ದೇಶನಗಳನ್ನು ಪಾಲಿಸಲೇಬೇಕೆಂದು ಮತ್ತೆ ಹೇಳಿತು. ಮೊದಲ ತೀರ್ಪಿನ ವರ್ಷ ಕೆಲಸಕ್ಕೆ ಸೇರಿದ ಹುಡುಗನ ದಾಖಲೆ 2035ರವರೆಗೂ ಭದ್ರವಾಗಿರಬೇಕು. ಅದೇ ಎಳೆ, ಅದೇ ಶ್ವಾಸಕೋಶ. ಶೀಟು ಮಾಡುವವನಿಗೆ ನಲವತ್ತು ವರ್ಷದ ದಾಖಲೆ ಬೇಕೆಂದ ಮೇಲೆ ಅದನ್ನು ಒಡೆಯುವವನಿಗೆ ಒಂದು ದಿನದ ಹಾಜರಿಯೂ ಬೇಡವೆ?

ಕಾನೂನೇ ಇಲ್ಲ ಎಂದು ಸರ್ಕಾರ ನುಣುಚಿಕೊಳ್ಳುವಂತಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಟ್ಟುವುದರ ಜೊತೆಗೆ ಕೆಡವುವ ಕೆಲಸವೂ ಸೇರಿತ್ತು. ಆದರೆ ಹತ್ತು ಮಂದಿ ಇದ್ದರಷ್ಟೇ ಅದು ಅನ್ವಯಿಸುತ್ತಿತ್ತು. ಮಾಡು ಬಿಚ್ಚುವ ತಂಡದಲ್ಲಿ ಹತ್ತು ಮಂದಿ ಯಾವತ್ತೂ ಇರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಹತ್ತರ ಗೆರೆ ಉಳಿದಿದೆ. ಅಷ್ಟೇ ಅಲ್ಲ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಮೊದಲು 10 ಕೆಲಸಗಾರರು ಸಾಕಿತ್ತು, ಈಗ 20 ಮಂದಿ ಬೇಕು. ನಮ್ಮ ಸಣ್ಣ ಬೇಳೆ ಮಿಲ್ಲುಗಳಲ್ಲಿ ಎಷ್ಟೋ ಈ ಒಂದೇ ಏಟಿಗೆ ಸುರಕ್ಷತಾ ತನಿಖೆಯ ಕಣ್ಣಿನಿಂದ ಹೊರಬೀಳುತ್ತವೆ. ಇದನ್ನು ನಾವು ಪ್ರತ್ಯೇಕವಾಗಿ ಖಂಡಿಸುತ್ತೇವೆ. ಆದರೂ ಆ ಸಂಹಿತೆಗಳಲ್ಲೇ ಒಂದು ದಾರಿ ಇದೆ. ಅಪಾಯಕಾರಿ ಎಂದು ಅಧಿಸೂಚನೆ ಹೊರಡಿಸಿದ ಕೆಲಸಕ್ಕೆ ಒಬ್ಬನೇ ಆಳಿದ್ದರೂ ಸುರಕ್ಷತಾ ನಿಯಮಗಳನ್ನು ಅನ್ವಯಿಸಬಹುದು. ಕಲ್ನಾರು ತೆರವು ಕೆಲಸವನ್ನು ಹಾಗೆ ಅಧಿಸೂಚಿಸಬೇಕು. ಇದು ನಮ್ಮ ಮೊದಲ ಮತ್ತು ಮುಖ್ಯ ಹಕ್ಕೊತ್ತಾಯ.

ಕಲ್ನಾರಿನ ತ್ಯಾಜ್ಯವನ್ನು ಹೇಗೆ ವಿಲೇವಾರಿ ಮಾಡಬೇಕೆಂದು ಭಾರತೀಯ ಮಾನಕ ಬ್ಯೂರೋ 1986ರಲ್ಲೇ ಐಎಸ್ 11768 ಎಂಬ ಮಾನಕ ಪ್ರಕಟಿಸಿದೆ. ಕಲ್ನಾರು ತಯಾರಿಕೆಯಲ್ಲಿ ಉಳಿಯುವ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಹೊರದೇಶದಿಂದ ಕಲ್ನಾರಿನ ತ್ಯಾಜ್ಯ ತರುವುದು ಅದೇ ನಿಯಮಗಳಲ್ಲಿ ನಿಷಿದ್ಧ. ಆದರೆ ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿ ತೆರೆದು ನೋಡಿ: ಮಾಡು ಬಿಚ್ಚುವ ಬಾಬತ್ತಿನಲ್ಲಿ ತಗಡಿನ ಕೆಳಗೇ ಆಸ್‌ಬೆಸ್ಟಾಸ್ ಶೀಟು ಇದೆ, ಬಿಚ್ಚಿ 50 ಮೀಟರಿನೊಳಗೆ ಒಟ್ಟಿಡುವ ಕೆಲಸಕ್ಕೆ ದರ ಇದೆ. ನೀರಿನಿಂದ ನೆನೆಸುವುದಕ್ಕೆ, ಮಾಸ್ಕಿಗೆ, ಪ್ಲಾಸ್ಟಿಕ್ ಸುತ್ತುವುದಕ್ಕೆ, ಸಾಗಾಟಕ್ಕೆ ಅಂದಾಜಿನಲ್ಲಿ ಹಣವಿಲ್ಲದ ಮೇಲೆ ಗುತ್ತೇದಾರ ತನ್ನ ಜೇಬಿನಿಂದ ಹಾಕುವನೆ? ಸಾಗಿಸುವುದಾದರೂ ಎಲ್ಲಿಗೆ? ಅಪಾಯಕಾರಿ ತ್ಯಾಜ್ಯ ಹೂಳಲು ರಾಜ್ಯದಲ್ಲಿರುವ ದೊಡ್ಡ ನೆಲೆ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿದೆ. ಆಳಂದದಿಂದ ಅದು 500 ಕಿಲೋಮೀಟರಿಗೂ ದೂರ.

ಜಗತ್ತು ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಬಲ್ಲದು ಎಂಬುದನ್ನು ನಮ್ಮ ದೇಶವೇ ಕಂಡಿದೆ. ಕ್ಲೆಮಾಂಸೊ ಎಂಬ ಫ್ರಾನ್ಸಿನ ಹಳೆಯ ಯುದ್ಧನೌಕೆಯನ್ನು ಒಡೆಯಲು ಗುಜರಾತಿನ ಅಲಂಗಿಗೆ ಕಳಿಸಿದ್ದರು. ಒಡಲಲ್ಲಿ ಕಲ್ನಾರು ತುಂಬಿಕೊಂಡಿದ್ದ ಆ ಹಡಗಿನ ವಿರುದ್ಧ ಎರಡೂ ದೇಶಗಳಲ್ಲಿ ಪ್ರತಿಭಟನೆ ಎದ್ದಿತು, ಅಧ್ಯಕ್ಷ ಜಾಕ್ ಶಿರಾಕ್ 2006ರ ಫೆಬ್ರುವರಿಯಲ್ಲಿ ಅದನ್ನು ವಾಪಸು ಕರೆಸಿಕೊಂಡರು. ಕೊನೆಗೆ ಅದನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಒಡೆದರು. ಅಲಂಗಿನ ಕಾರ್ಮಿಕರ ಪರವಾಗಿ ಅಂದು ದನಿ ಎತ್ತಿದವರನ್ನು ನಾವು ಗೌರವದಿಂದ ನೆನೆಯುತ್ತೇವೆ. ಆ ಹಡಗಿಗೆ ಸಿಕ್ಕ ಗಮನದ ಸಣ್ಣ ಪಾಲೂ ನಮ್ಮ ಗೋದಾಮಿನ ಮಾಡುಗಳಿಗೆ ಸಿಕ್ಕಿಲ್ಲ. ಬ್ರಿಟನ್ 1999ರಲ್ಲೇ ಬಿಳಿ ಕಲ್ನಾರನ್ನು ನಿಷೇಧಿಸಿತು. ಹಳೆಯ ಕಟ್ಟಡಗಳಲ್ಲಿ ಉಳಿದದ್ದು ಎಲ್ಲೆಲ್ಲಿದೆ ಎಂದು ಗುರುತಿಸಿ ಬರೆದಿಡುವುದು ಅಲ್ಲಿ ಇಂದಿಗೂ ಕೆಲಸದ ಸ್ಥಳಗಳ ಹೊಣೆ ಹೊತ್ತವರ ಕರ್ತವ್ಯ. ಭಾರತ ಈಗಲೂ ವರ್ಷಕ್ಕೆ ಲಕ್ಷಾಂತರ ಟನ್ ಕಲ್ನಾರನ್ನು, ಬಹುಪಾಲು ರಷ್ಯಾದಿಂದ, ತರಿಸಿಕೊಳ್ಳುತ್ತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1986ರ 162ನೇ ಒಡಂಬಡಿಕೆಗೆ ಭಾರತ ಇನ್ನೂ ಅನುಮೋದನೆ ಕೊಟ್ಟಿಲ್ಲ. ಎಳೆ ಗಾಳಿಗೆ ಹಾರುವ ಅಪಾಯವಿರುವ ಕಡೆ ಕಲ್ನಾರು ತೆಗೆಯುವ ಕೆಲಸವನ್ನು ಸರ್ಕಾರ ಅರ್ಹರೆಂದು ಗುರುತಿಸಿದ ಗುತ್ತೇದಾರರೇ ಮಾಡಬೇಕು, ಮೊದಲೇ ಕಾರ್ಯಯೋಜನೆ ಬರೆದು ಕಾರ್ಮಿಕರ ಜೊತೆ ಚರ್ಚಿಸಬೇಕು, ಕೆಲಸದ ಬಟ್ಟೆ ಮನೆಗೆ ಹೋಗಕೂಡದು ಎಂದು ಆ ಒಡಂಬಡಿಕೆ ಹೇಳುತ್ತದೆ. ನಾವು ಕೇಳುತ್ತಿರುವುದು ಇದಕ್ಕಿಂತ ಹೆಚ್ಚಿನದೇನಲ್ಲ.

ಸಿಮೆಂಟಿನಲ್ಲಿ ಬಿಗಿಯಾಗಿ ಸೇರಿದ ಎಳೆ ಹಾರುವುದಿಲ್ಲ, ಶೀಟು ಸುರಕ್ಷಿತ ಎಂದು ಉದ್ಯಮದವರು ವಾದಿಸುತ್ತಾರೆ. ಹೊಸ, ಗಟ್ಟಿ ಶೀಟು ತನ್ನ ಪಾಡಿಗೆ ಮಾಡಿನ ಮೇಲಿರುವಾಗ ಎಳೆ ಹೊರಬರುವುದು ಕಡಿಮೆ, ಅದು ನಿಜ. ಆದ್ದರಿಂದಲೇ ಶೀಟಿನ ಮನೆಗಳಲ್ಲಿ ವಾಸಿಸುವ ನಮ್ಮ ಬಡ ಬಂಧುಗಳಲ್ಲಿ ನಮ್ಮ ವಿನಂತಿ: ಗಾಬರಿಯಾಗಿ ನೀವೇ ಕಿತ್ತುಹಾಕಲು ಹೋಗಬೇಡಿ. ಸರ್ಕಾರವೂ ಅವರ ಮೇಲೆ ದಂಡದ ಭಾರ ಹೇರಕೂಡದು. ಆದರೆ ಸುತ್ತಿಗೆ, ಗ್ರೈಂಡರ್, ಕಟರ್ ತಾಗಿದ ಕ್ಷಣದಿಂದ ಉದ್ಯಮದ ಆ ವಾದಕ್ಕೆ ಬೆಲೆ ಇಲ್ಲ. ದಶಕಗಳ ಬಿಸಿಲಿಗೆ ಮೇಲ್ಮೈ ಸವೆದು ಪುಡಿ ಉದುರುವ ಶೀಟಿಗಂತೂ ಅದು ಸಲ್ಲುವುದೇ ಇಲ್ಲ.

ಸುರಕ್ಷಿತವಾಗಿ ಬಿಚ್ಚುವುದು ಅಸಾಧ್ಯವಾದ ವಿದ್ಯೆಯೂ ಅಲ್ಲ. ಸ್ವಲ್ಪ ಸೋಪು ಬೆರೆಸಿದ ನೀರಿನಿಂದ ಶೀಟನ್ನು ಚೆನ್ನಾಗಿ ನೆನೆಸಬೇಕು. ಶೀಟನ್ನಲ್ಲ, ಬೋಲ್ಟನ್ನು ಕತ್ತರಿಸಬೇಕು. ಎಸೆಯದೆ ಇಡಿಯಾಗಿ ಹಗ್ಗದಲ್ಲಿ ಇಳಿಸಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಪದರ ಸುತ್ತಿ ಎಚ್ಚರಿಕೆಯ ಚೀಟಿ ಅಂಟಿಸಬೇಕು. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಎಳೆ ತಡೆಯುವ ಮಾಸ್ಕು ಬೇಕು. ಕೆಲಸದ ಜಾಗದಲ್ಲೇ ಮೈ ತೊಳೆಯಲು ನೀರು ಬೇಕು. ಹಳೆಯ ಶೀಟು ಕಾಲಡಿ ಮುರಿದು ಬಿದ್ದರೆ ಸಾವು ಇಪ್ಪತ್ತು ವರ್ಷ ಕಾಯುವುದಿಲ್ಲ, ಆದ್ದರಿಂದ ನಡೆಯಲು ಹಲಗೆ, ಸೊಂಟಕ್ಕೆ ಬೆಲ್ಟು ಕಡ್ಡಾಯವಾಗಬೇಕು.

ಇದಕ್ಕೆ ಹಣವಿಲ್ಲ ಎನ್ನಬೇಡಿ. ಕಟ್ಟಡಗಳ ವೆಚ್ಚದ ಮೇಲೆ ನಮ್ಮ ಹೆಸರಿನಲ್ಲಿ ವಸೂಲಾಗುವ ಶೇ 1ರ ಸೆಸ್ ಕರ್ನಾಟಕ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಶೀಟು ಕೆಡವಿದವರ ಹೆಸರು ಬರೆದಿಟ್ಟು, ಅವರಿಗೆ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಲು ಆ ಹಣ ಬಳಕೆಯಾಗಲಿ. ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಇದೆ, ಜಿಮ್ಸ್ ಆಸ್ಪತ್ರೆ ಇದೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇದೆ. ಏದುಸಿರೆಂದು ಬಂದ ಪ್ರತಿಯೊಬ್ಬ ಕೂಲಿಕಾರನನ್ನೂ ಅವನು ಮಾಡಿದ ಕೆಲಸ ಏನೆಂದು ಕೇಳಿ ಕೇಸ್ ಪೇಪರಿನಲ್ಲಿ ಬರೆಯುವಂತೆ ಅಲ್ಲಿನ ವೈದ್ಯರಿಗೆ ಸೂಚನೆ ಹೋಗಲಿ. 371ಜೆ ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪ್ರತಿ ಕಾಮಗಾರಿಯ ಅಂದಾಜಿನಲ್ಲೂ ಕಲ್ನಾರು ತೆರವಿನ ವೆಚ್ಚ ಬೇರೆ ಬಾಬತ್ತಾಗಿ ಸೇರಬೇಕು, ಅದು ಟೆಂಡರಿನಲ್ಲಿ ಕಾಣಬೇಕು. ಮೂರೂ ತಾಲ್ಲೂಕುಗಳಲ್ಲಿ ಶೀಟಿನ ಮಾಡಿರುವ ಸರ್ಕಾರಿ ಕಟ್ಟಡ, ಎಪಿಎಂಸಿ ಗೋದಾಮು, ಮಿಲ್ಲುಗಳ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ಮುಂದಿನ ಮುಂಗಾರಿಗೆ ಮೊದಲೇ ತಯಾರಿಸಿ ಪಂಚಾಯಿತಿಗಳ ಗೋಡೆಗೆ ಹಚ್ಚಿಸಬೇಕು. ಬಿಚ್ಚಿದ ಶೀಟನ್ನು ಸುತ್ತಿ ಇಡಲು ಜಿಲ್ಲೆಯೊಳಗೇ ಬೀಗ ಹಾಕಿದ ಒಂದು ಜಾಗವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಬೇಕು.

ಈ ಹೇಳಿಕೆಯನ್ನು ಜಿಲ್ಲಾಧಿಕಾರಿಗಳು, ಕಾರ್ಮಿಕ ಇಲಾಖೆ, ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಹಾಗೂ ಮೂರೂ ಕ್ಷೇತ್ರಗಳ ಶಾಸಕರಿಗೆ ಸಲ್ಲಿಸುತ್ತಿದ್ದೇವೆ. ಇಂದಿನಿಂದ ನಮ್ಮ ಸದಸ್ಯರು ಯಾವ ಮಾಲೀಕರ, ಯಾವ ಇಲಾಖೆಯ ಕೆಲಸದಲ್ಲೂ ಕಲ್ನಾರು ಶೀಟನ್ನು ಒಣಗಿರುವಾಗ ಒಡೆಯುವುದಿಲ್ಲ, ಅದರ ಪುಡಿಯನ್ನು ಗುಡಿಸುವುದಿಲ್ಲ, ತುಂಡುಗಳನ್ನು ಭರ್ತಿಗೆ ಹೊರುವುದಿಲ್ಲ ಎಂದು ಕಾರ್ಯಕಾರಿ ಸಮಿತಿ ಒಮ್ಮತದಿಂದ ನಿರ್ಣಯಿಸಿದೆ. ಈ ಕಾರಣಕ್ಕೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಅಥವಾ ಅವರ ಕೂಲಿ ತಡೆದರೆ ಆ ಕೆಲಸದ ಸ್ಥಳದ ಮುಂದೆ ಸಂಘ ಧರಣಿ ಕೂರಲಿದೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು