ಕಡತ ಇದೆ, ಆದರೆ ಸಿಗುವುದಿಲ್ಲ!

ಗಡಿಯಾಚೆಯ ಕನ್ನಡ ಶಾಲೆಗಳ ಬಗ್ಗೆ ಭಾಷಣಕ್ಕೆ ಯಾವತ್ತೂ ಬರಗಾಲ ಬಂದಿಲ್ಲ. ನವೆಂಬರ್ ಬಂತೆಂದರೆ ಬಳ್ಳಾರಿಯಿಂದಲೋ ಪಾವಗಡದಿಂದಲೋ ಯಾರಾದರೂ ಬರುತ್ತಾರೆ, ಶಾಲು ಹೊದಿಸುತ್ತಾರೆ, "ನಿಮ್ಮ ಹೋರಾಟಕ್ಕೆ ನಾವಿದ್ದೇವೆ" ಅನ್ನುತ್ತಾರೆ, ಊಟ ಮಾಡಿ ಹೋಗುತ್ತಾರೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ಮರುದಿನ ಯಾವುದೋ ಕಚೇರಿಯಲ್ಲಿ "ನಿಮ್ಮ ಶಾಲೆಗೆ ಕನ್ನಡ ಮಾಧ್ಯಮದ ಹುದ್ದೆ ಮಂಜೂರಾಗಿದ್ದಕ್ಕೆ ಕಾಗದ ತೋರಿಸಿ" ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹತ್ತು ನಿಮಿಷದಲ್ಲಿ ತೆಗೆದು ಕೊಡಬಲ್ಲೆವು? ಕೈ ಎತ್ತಿ ನೋಡೋಣ....

ನಾವು ಹೇಳಬೇಕೆಂದಿರುವುದು ಇಷ್ಟೇ. ರಾಯದುರ್ಗ, ಮಡಕಶಿರ ಭಾಗದ ಕನ್ನಡ ಶಾಲೆಗಳಿಗೆ ಈಗ ಬೇಕಾಗಿರುವುದು ಇನ್ನೊಂದು ಸಮ್ಮೇಳನವಲ್ಲ. ಕನ್ನಡದಲ್ಲಿ ಹುಡುಕಿದರೆ ಸಿಗುವ ಕಡತಗಳ ಒಂದು ಸಂಗ್ರಹ. ಅದನ್ನು ನಾವೇ ಕಟ್ಟಬೇಕು. ಪುಕ್ಕಟೆ ಸಿಗುವ ತಂತ್ರಾಂಶದಲ್ಲೇ ಕಟ್ಟಬಹುದು. ಅಡ್ಡಬಂದಿರುವುದು ಹಣವಲ್ಲ, ನಮ್ಮವರ ಟೈಪಿಂಗ್ ಚಾಳಿ.

ಕಾಗದಕ್ಕೆ ಯಾಕೆ ಇಷ್ಟು ಒತ್ತು ಅನ್ನುತ್ತೀರಾ? ಒಳನಾಡಿನ ಶಾಲೆಗೆ ತಾನು ಕನ್ನಡ ಶಾಲೆ ಎಂದು ಸಾಬೀತು ಮಾಡುವ ಕೆಲಸವಿಲ್ಲ. ನಮಗೆ ಅದೇ ಕೆಲಸ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮಡಕಶಿರವಂತೂ ಮೂರು ದಿಕ್ಕಿನಲ್ಲಿ ಕರ್ನಾಟಕವನ್ನೇ ನೋಡುತ್ತ ಕೂತಿದೆ. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಮತ್ತೆ ಹಂಚಿದಾಗ ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಪುಟ್ಟಪರ್ತಿಯತ್ತ ಮುಖ ಮಾಡಿತು. ಇಂಥ ಪ್ರತಿಯೊಂದು ಹಂಚಿಕೆಯಲ್ಲೂ ಕಡತಗಳು ಮೂಟೆ ಕಟ್ಟಿಕೊಂಡು ಹೊರಡುತ್ತವೆ. ಆಮೇಲೆ ಕೇಳಿಬರುವ ಮಾತು ಒಂದೇ, "ಆ ಫೈಲ್ ಆ ಆಫೀಸಿನಲ್ಲಿರಬೇಕು ನೋಡಿ." ಆ ಆಫೀಸಿನವರು ಈ ಆಫೀಸು ಅನ್ನುತ್ತಾರೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಿ ಅನ್ನುತ್ತದೆ. 350ಬಿ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆಂದೇ ಒಬ್ಬ ವಿಶೇಷಾಧಿಕಾರಿ ಇದ್ದಾರೆ. ಎರಡೂ 1956ರ ಏಳನೇ ತಿದ್ದುಪಡಿಯಲ್ಲಿ ಬಂದವು. ಅವುಗಳನ್ನು ಹಿಡಿದು ಅರ್ಜಿ ಹಾಕಲು ಹೊರಟರೆ ಮೊದಲು ಕೇಳುವುದೇ ಮಕ್ಕಳ ಸಂಖ್ಯೆ, ಹಳೆಯ ಮೆಮೋ, ಹುದ್ದೆಯ ಆದೇಶ. ಕಣ್ಣೀರನ್ನು ಯಾರೂ ಲಗತ್ತು ಮಾಡಿಸಿಕೊಳ್ಳುವುದಿಲ್ಲ!

ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಜಿಓ 81 ಬಂದದ್ದು 2019ರ ನವೆಂಬರಿನಲ್ಲಿ. 2020ರ ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ತಿಂಗಳುಗಳಲ್ಲಿ ನಮ್ಮ ಕಡೆಯ ಶಿಕ್ಷಕರೆಲ್ಲ ಹಳೆಯ ಆದೇಶಗಳಿಗಾಗಿ ಒಬ್ಬರಿಗೊಬ್ಬರು ಫೋನು ಮಾಡಿದ್ದೇ ಮಾಡಿದ್ದು. ಇನ್ನೊಂದು ಸಲ, ಒಂದು ಹುದ್ದೆಯ ಕಾಗದ ಬೇಕಾಗಿ ನಾಲ್ಕು ಶಾಲೆಗಳವರು ಮೂರು ದಿನ ಬೀರು, ಟ್ರಂಕು ಎಲ್ಲ ಜಾಲಾಡಿದೆವು. ಸಿಕ್ಕಿದ್ದು ನಿವೃತ್ತ ಹೆಡ್‌ಮಾಸ್ಟರೊಬ್ಬರು ಜೋಪಾನವಾಗಿ ಇಟ್ಟಿದ್ದ ಸಿಡಿಯಲ್ಲಿ. ಅದೇ ಸಿಡಿಯ ನಕಲು ನಮ್ಮ ಕಂಪ್ಯೂಟರಿನಲ್ಲಿ ಅಷ್ಟು ದಿನವೂ ಇತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂತಾರಲ್ಲ, ಹಾಗೆ. 'ಕನ್ನಡ' ಎಂದು ಹುಡುಕಿದರೆ ಕಂಪ್ಯೂಟರು ಏನೂ ಇಲ್ಲ ಎಂದಿತ್ತು. ಅದು ಸುಳ್ಳು ಹೇಳಿರಲಿಲ್ಲ. ಆ ಕಡತದಲ್ಲಿ 'ಕನ್ನಡ' ಎಂಬ ಪದವೇ ಇರಲಿಲ್ಲ.

ಗಾಬರಿಯಾಗಬೇಡಿ, ವಿಷಯ ಹೀಗಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ (ಆಸ್ಕಿ ಅನ್ನುತ್ತಾರಲ್ಲ, ಅದು) ಟೈಪ್ ಮಾಡಿದಾಗ ಒಳಗೆ ಕೂರುವುದು ಕನ್ನಡವಲ್ಲ. ಇಂಗ್ಲಿಷಿನ, ಯೂರೋಪಿನ ಅಕ್ಷರಗಳು. ಅವಕ್ಕೆ ಮೇಲೆ ಕನ್ನಡದ ವೇಷ ಹಾಕಿರುತ್ತಾರೆ ಅಷ್ಟೇ. 'ಕನ್ನಡ' ಎಂದು ಬರೆದರೆ ಕ ಇರುವಲ್ಲಿ ದೊಡ್ಡ ಪಿ, ತಲೆಕಟ್ಟಿಗೆ ಮೇಲೆ ಗೀಟಿರುವ ಎ, ನ ಇರುವಲ್ಲಿ ಬ್ರಿಟಿಷರ ಪೌಂಡಿನ ಗುರುತು, ಒತ್ತಿಗೆ ಜರ್ಮನರ ಒಂದು ಅಕ್ಷರ, ಡ ಇರುವಲ್ಲಿ ಸಣ್ಣ ಕ್ಯೂ! ನಮ್ಮ ನುಡಿಯ ಹೆಸರಿನ ನಟ್ಟನಡುವೆ ಪೌಂಡು ಕೂತಿದೆ. ವೇಷ ಕಳಚಿದರೆ, ಅಂದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ಬರೀ ಗೀಚು. ಇನ್ನೂ ಒಂದು ಫಜೀತಿ ಇದೆ. ಹುಡುಕುವ ತಂತ್ರಾಂಶಗಳು ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡನ್ನೂ ಒಂದೇ ಎಂದು ಎಣಿಸುವುದು ರೂಢಿ. ಇಂಗ್ಲಿಷಿಗೆ ಅದು ಸರಿ. ಇಲ್ಲಿ ದೊಡ್ಡ ಕ್ಯೂ ಅಂದರೆ 'ಕಿ', ಸಣ್ಣ ಕ್ಯೂ ಅಂದರೆ 'ಡ'. ಎರಡನ್ನೂ ಕಲಸಿದ ಮೇಲೆ ಯಾವ ದೇವರು ಹುಡುಕಿಕೊಡಬೇಕು?

ಸಾವಿರ ವರ್ಷ ಹಿಂದೆ ನೊಳಂಬರು ಆಳಿದ ಹೆಂಜೇರು ನಮ್ಮ ಮಡಕಶಿರದ ಪಕ್ಕದ ಹೇಮಾವತಿಯೇ. ಅವರ ಕಾಲದ ಕಲ್ಲಿನ ಮೇಲಿನ ಕನ್ನಡವನ್ನು ಬಲ್ಲವರು ಇವತ್ತೂ ಓದುತ್ತಾರೆ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳನ್ನು 1939ರಲ್ಲೇ ಒಂದು ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. 2003ರ ಮೆಮೋ ಮಾತ್ರ ಇವತ್ತೇ ಓದಲಾಗದ ಗೀಚಾಗಿದೆ!

ನುಡಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಕೊಟ್ಟಿದ್ದರಿಂದಲೇ ನಮ್ಮಂಥ ಟಿಸಿಎಚ್ ಓದಿದವರೂ ಕೀಲಿಮಣೆ ಮುಟ್ಟಿದ್ದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಬೆರಳುಗಳು ಒಗ್ಗಿಹೋಗಿವೆ. ಅದು ಹಾಗೇ ಇರಲಿ. ಅದೇ ನುಡಿಯಲ್ಲಿ ಯೂನಿಕೋಡ್ ಎಂಬ ಆಯ್ಕೆ ಇದೆ, ಅದನ್ನು ಒತ್ತಿ, ಸಾಕು. ಬೆರಳಿಗೆ ಏನೂ ವ್ಯತ್ಯಾಸವಿಲ್ಲ. ಹಳೆಯ ಕಡತಗಳಿಗೆ ಪರಿವರ್ತಕಗಳಿವೆ, ಅವೂ ಪುಕ್ಕಟೆ. ಇಷ್ಟಾದರೂ "ನುಡಿಯಲ್ಲಿ ಅಕ್ಷರ ಚೆನ್ನಾಗಿ ಕಾಣ್ತದೆ ಸಾರ್" ಎಂದು ಪ್ರಶ್ನೆಪತ್ರಿಕೆಯಿಂದ ಹಿಡಿದು ಮನವಿಪತ್ರದವರೆಗೆ ಹಳೆಯ ಹಾದಿಯಲ್ಲೇ ಟೈಪ್ ಮಾಡುವವರನ್ನು ಕಂಡರೆ ಸಿಟ್ಟು ಬರುತ್ತದೆ. ಚೆಂದ ಯಾರಿಗೆ ಬೇಕು ಸ್ವಾಮಿ, ಮದುವೆ ಕರೆಯೋಲೆಯೇ ಅದು?

ಇನ್ನು ವಾಟ್ಸಾಪ್. "ಗ್ರೂಪಿನಲ್ಲಿ ಹಾಕಿದ್ದೀನಲ್ಲ" ಎಂಬುದು ಈಗಿನ ಮಂತ್ರ. ಹಾಕಿರುವುದೇನು? ಓರೆಯಾಗಿ ತೆಗೆದ ಫೋಟೋ, ಮೂಲೆಯಲ್ಲಿ ಹೆಬ್ಬೆರಳು. ಫೋನ್ ಬದಲಾದ ದಿನ ಅದೂ ಮಾಯ.

ಹಾಗಾದರೆ ಏನು ಮಾಡಬೇಕು? ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ. 'ರಿಕಾಲ್' ಎಂಬ ತಂತ್ರಾಂಶ ಇದೆ. ಕಿಟಕಿ, ಚಿತ್ರ ಏನೂ ಬೇಡದೆ, ಕಪ್ಪು ಪರದೆಯಲ್ಲಿ 'ರಿಕಾಲ್‌ಇಂಡೆಕ್ಸ್' ಎಂದು ಒಂದು ಆಜ್ಞೆ ಬರೆದರೆ ಅದು ನೀವು ತೋರಿಸಿದ ಫೋಲ್ಡರಿನ ಒಳಹೊಕ್ಕು ವರ್ಡ್, ಪಿಡಿಎಫ್, ಪಠ್ಯ ಎಲ್ಲವನ್ನೂ ಓದಿ ಪದಗಳ ಸೂಚಿ ಕಟ್ಟುತ್ತದೆ. ದೊಡ್ಡ ಗ್ರಂಥದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿ ಎಂದು, ಅದೇ ಕೆಲಸ. ಆಮೇಲೆ 'ರಿಕಾಲ್‌ಕ್ಯೂ' ಎಂದು ಬರೆದು ಪಕ್ಕದಲ್ಲಿ ಪದ ಕೊಟ್ಟರೆ ಅದು ಕಡತಗಳನ್ನಲ್ಲ, ಸೂಚಿಯನ್ನು ನೋಡುತ್ತದೆ. ಹಾಗಾಗಿ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಹೊಸ ಕಾಗದ ಸೇರಿಸಿ ಮತ್ತೆ ಅದೇ ಆಜ್ಞೆ ಕೊಟ್ಟರೆ ಬದಲಾದದ್ದನ್ನು ಮಾತ್ರ ಓದುತ್ತದೆ. ಸೂಚಿ ಕೆಟ್ಟರೂ ಚಿಂತೆಯಿಲ್ಲ, ಅಳಿಸಿ ಮತ್ತೆ ಕಟ್ಟಬಹುದು. ಮೂಲ ಕಡತ ಹೋದರೆ ಮಾತ್ರ ಹೋಯಿತು. ಆದ್ದರಿಂದ ಮೂಲವನ್ನು ಮುಟ್ಟದೆ ಒಂದು ಫೋಲ್ಡರಿನಲ್ಲಿ, ಯೂನಿಕೋಡಿಗೆ ತಿರುಗಿಸಿದ ಪ್ರತಿಯನ್ನು ಪಕ್ಕದ ಫೋಲ್ಡರಿನಲ್ಲಿ ಇಡಬೇಕು. ಕಡತದ ಹೆಸರು ವರ್ಷದಿಂದ ಶುರುವಾಗಲಿ. 2008-06-12, ಆಮೇಲೆ ಮೆಮೋ, ಆಮೇಲೆ ಮಂಡಲದ ಹೆಸರು. ಕಂಪ್ಯೂಟರು ತೋರಿಸುವ ತಾರೀಖನ್ನು ನಂಬಬೇಡಿ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟುವಾಗ ಅದು ಬದಲಾಗಿಬಿಡಬಹುದು. ಸ್ಕ್ಯಾನ್ ಮಾಡಿದ ಹಾಳೆಗೆ 'ಟೆಸರಾಕ್ಟ್' ಇದೆ, ಅದು ಕನ್ನಡ ಅಕ್ಷರ ಗುರುತಿಸುತ್ತದೆ. ಒತ್ತಕ್ಷರದಲ್ಲಿ ಎಡವುತ್ತದೆ, ಸೀಲು ಬಿದ್ದ ಜಾಗದಲ್ಲಿ ಏನೇನೋ ಬರೆಯುತ್ತದೆ. ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಏಳನೇ ತರಗತಿಯ ಉಕ್ತಲೇಖನ ತಿದ್ದುವವರಿಗೆ ಇದೇನು ಮಹಾ!

ಕನ್ನಡದ್ದೇ ಒಂದೆರಡು ತೊಡಕುಗಳಿವೆ. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಬೇರು ಹಿಡಿಯುವ ಜಾಣತನ ಆ ತಂತ್ರಾಂಶಕ್ಕಿದೆ, ಕನ್ನಡದ ವಿಭಕ್ತಿ ಅದಕ್ಕೆ ತಿಳಿಯದು. 'ಶಾಲೆ' ಎಂದು ಹುಡುಕಿದರೆ 'ಶಾಲೆಯಲ್ಲಿ', 'ಶಾಲೆಗೆ' ಬರುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕು. ಇನ್ನೂ ಜಾಣತನವೆಂದರೆ 'ಶಾಲ' ಎಂದಷ್ಟೇ ಬರೆದು ನಕ್ಷತ್ರ ಹಾಕುವುದು. ಯೂನಿಕೋಡಿನಲ್ಲಿ ಎತ್ವ, ದೀರ್ಘ ಎಲ್ಲ ವ್ಯಂಜನದ ಹಿಂದೆ ಬೇರೆಯಾಗಿಯೇ ನಿಲ್ಲುವುದರಿಂದ ಶಾಲೆ, ಶಾಲಾ, ಶಾಲೆಯ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ. (ಶಾಲು ಹೊದಿಸಿದವರೂ ಬೀಳುತ್ತಾರೆ, ಏನು ಮಾಡುವುದು!) ಊರ ಹೆಸರಂತೂ ಮಡಕಶಿರ, ಮಡಕಸಿರ, ಮಡಕಶಿರಾ ಎಂದು ಒಬ್ಬೊಬ್ಬರದು ಒಂದೊಂದು ಬರಹ. ಎಲ್ಲವನ್ನೂ ಕೇಳಿ ನೋಡಬೇಕು.

ನಮಗೆ ಬರುವ ಮೆಮೋಗಳು ತೆಲುಗಿನಲ್ಲಿರುತ್ತವಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಯೂನಿಕೋಡ್ ಪಟ್ಟಿಯಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು. ಎರಡು ಮನೆಗಳ ಕೋಣೆಗಳೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿವೆ. ತೆಲುಗಿನ ಕ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕ. ಉಳಿದ ಅಕ್ಷರಗಳೂ ಬಹುತೇಕ ಹೀಗೆಯೇ. ಅಂದರೆ ತೆಲುಗು ಮೆಮೋವನ್ನು ಅನುವಾದಿಸದೆ, ಅಕ್ಷರ ಮಾತ್ರ ಬದಲಿಸಿ ಇನ್ನೊಂದು ಪ್ರತಿ ಮಾಡಿಕೊಂಡರೆ 'ರಾಯದುರ್ಗ' ಎಂದು ಬರೆದು ನಕ್ಷತ್ರ ಹಾಕಿದಾಗ ನಮ್ಮ 'ರಾಯದುರ್ಗ'ವೂ ಅವರ 'ರಾಯದುರ್ಗಂ' ಕೂಡ ಒಟ್ಟಿಗೆ ಸಿಗುತ್ತವೆ. ಎರಡೂ ಲಿಪಿ ಓದಿಕೊಂಡು ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿದ್ದದ್ದೇ ಇದು, ಯಂತ್ರಕ್ಕೂ ಹೇಳಿಕೊಡಬಹುದು. ಈ ಅನುಕೂಲ ಬೆಂಗಳೂರಿನವರಿಗೆ ಬೇಕಾಗಿಯೇ ಇಲ್ಲ, ಆದ್ದರಿಂದ ಅವರು ಮಾಡಿಕೊಡುತ್ತಾರೆಂದು ಕಾಯುವುದೂ ದಂಡ.

"ಈಗ ಏನು ಕೇಳಿದರೂ ಹೇಳುವ ಯಂತ್ರಗಳು ಬಂದಿವೆ, ಇನ್ನು ಇದೆಲ್ಲ ಯಾಕೆ?" ಎಂದು ಒಬ್ಬ ಕಿರಿಯ ಮಿತ್ರರು ವಾದಿಸಿದರು. ಸರಿ, ಆ ಯಂತ್ರಕ್ಕೆ ನಿಮ್ಮ ಬೀರುವಿನಲ್ಲಿರುವ ಮೆಮೋ ಹೇಗೆ ಗೊತ್ತು? ಅದಕ್ಕೂ ಓದಬಲ್ಲ ಅಕ್ಷರವೇ ಬೇಕು. ಕೊಡದಿದ್ದರೆ ಗೊತ್ತಿಲ್ಲ ಅನ್ನುವುದಕ್ಕಿಂತ ಏನಾದರೊಂದು ಹೆಣೆದು ಹೇಳುವ ಚಾಳಿ ಅದಕ್ಕಿದೆ. ಕಚೇರಿಯ ಮೇಜಿನ ಮೇಲೆ ಆದೇಶದ ಸಂಖ್ಯೆ, ತಾರೀಖು ಸುಳ್ಳಾದರೆ ಆಮೇಲೆ ನಮ್ಮ ನಿಜವಾದ ಕಾಗದವನ್ನೂ ಯಾರೂ ನಂಬುವುದಿಲ್ಲ.

ಆಗುವ ಕೆಲಸವೇ ಎಂಬ ಅನುಮಾನ ಇದ್ದವರು ವಚನ ಸಂಚಯವನ್ನು ನೋಡಲಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಯಾರು ಯಾರು ಎಲ್ಲೆಲ್ಲಿ ಬಳಸಿದ್ದಾರೆ ಎಂದು ಕೇಳಿದರೆ ಸಾಲಾಗಿ ತೋರಿಸುತ್ತದೆ. ಅದರ ಮುಂದೆ ನಮ್ಮ ಎರಡು ಊರುಗಳ ಕಾಗದ ಎಷ್ಟರದು?

ಮೊದಲು ತರಬೇಕಾದದ್ದು ಹುದ್ದೆ ಮಂಜೂರಾತಿ, ಶಾಲೆಯ ಮಾಧ್ಯಮಕ್ಕೆ ಸಂಬಂಧಿಸಿದ ಆದೇಶ, ವರ್ಷವಾರು ಮಕ್ಕಳ ಸಂಖ್ಯೆ (ಹೆಸರಿಲ್ಲದೆ), ಪಠ್ಯಪುಸ್ತಕದ ಇಂಡೆಂಟ್ ಮತ್ತು ಎಷ್ಟು ಬಂತು ಎಂಬ ರಸೀದಿ, ಕೊಟ್ಟ ಮನವಿಗಳ ಸ್ವೀಕೃತಿ. ಪ್ರಶ್ನೆಪತ್ರಿಕೆಗಳು ಆಮೇಲೆ. ಮಕ್ಕಳ ಆಧಾರ್, ಟಿಸಿ, ದಾಖಲಾತಿ ಪುಸ್ತಕ ಈ ಸಂಗ್ರಹದೊಳಗೆ ಬರಕೂಡದು. ಸೂಚಿ ಕಟ್ಟುವಾಗ ಬಿಡಬೇಕಾದ ಫೋಲ್ಡರುಗಳ ಹೆಸರನ್ನು ರಿಕಾಲ್‌ನ ಸಂಯೋಜನೆ ಕಡತದಲ್ಲಿ ಮೊದಲೇ ಬರೆದಿಡಿ. ಒಂದು ಪ್ರತಿ ರಾಯದುರ್ಗದಲ್ಲಿ, ಒಂದು ಮಡಕಶಿರದಲ್ಲಿ ಇರಲಿ. ಬೇಸಿಗೆ ರಜೆಯ ಮೊದಲ ವಾರ ಸಾಕು. ಹಳೆಯ ಸಿಡಿ ಇದ್ದವರು ಸಿಡಿಯ ಜೊತೆಗೆ ಸಿಡಿ ಓದುವ ಡ್ರೈವನ್ನೂ ಎಲ್ಲಾದರೂ ಹುಡುಕಿ ತನ್ನಿ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದಿಲ್ಲ.